ನಮ್ಮ ಹೆಸರಿನ ಸಿಲಿಂಡರ್

ನಮ್ಮ ಮನೆಯಲ್ಲಿ ಅಡುಗೆ ಗ್ಯಾಸ್ ಇದೆ ಎಂಬ ಸಂಗತಿ ನನಗೆ ತಿಳಿದದ್ದು ಬ್ಯಾಡಗಿಯ ತಾಲೂಕು ಕಚೇರಿಯಲ್ಲಿ, ಒಬ್ಬ ಕಾರಕೂನರ ಬಾಯಿಂದ. ಅವರು ಸುಳ್ಳು ಹೇಳಲಿಲ್ಲ. ಉದ್ದನೆಯ ಪಟ್ಟಿಯೊಂದರ ಮೇಲೆ ಬೆರಳಿಟ್ಟು ಅವ್ವನ ಹೆಸರನ್ನು ಓಣಿಯ ಸಮೇತ ಓದಿ ತೋರಿಸಿದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿದ್ದದ್ದು ಒಂದು ಕಟ್ಟಿಗೆ ಒಲೆ, ಎಣ್ಣೆ ತೀರಿದ ಒಂದು ಬತ್ತಿ ಸ್ಟೋ, ಮತ್ತು ಹನ್ನೊಂದು ದಿನದ ಒಂದು ಕೂಸು.

ಕೂಸು ನನ್ನ ತಂಗಿಯದು. ಅವಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರುಮನೆಯದು ಎಂಬುದು ನಮ್ಮ ಕಡೆಯ ಕಟ್ಟಳೆ, ತವರಿನಲ್ಲಿ ಏನಿದೆ ಏನಿಲ್ಲ ಎಂದು ಕಟ್ಟಳೆ ಕೇಳುವುದಿಲ್ಲ. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಅವ್ವ ಮತ್ತು ನಾನು ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸಿ ಬದುಕುತ್ತಿದ್ದೆವು. ತಂಗಿಗೆ ಎಂಟು ತಿಂಗಳಿಗೇ ನೋವು ಬಂತು. ಹಾವೇರಿಯ ದೊಡ್ಡ ದವಾಖಾನೆಯಲ್ಲಿ ಹುಟ್ಟಿದ ಹೆಣ್ಣುಕೂಸು ಎರಡು ಕಿಲೋ ಕೂಡ ತೂಗಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ಕಳಿಸುವಾಗ ನರ್ಸಬಾಯಿ ಅವ್ವನ ಕೈ ಹಿಡಿದುಕೊಂಡು ಹೇಳಿದರು.

"ಔಷಧ ಏನೂ ಬ್ಯಾಡ್ರಿ. ಬೆಚ್ಚಗ ಇಡ್ರಿ, ಅಷ್ಟ. ತಾಯಿ ಎದಿಗೆ ಅಪ್ಪಿಕೊಂಡಿರ್ಲಿ, ಆಜೂಬಾಜೂ ಬಿಸಿನೀರಿನ ಬಾಟ್ಲಿ ಅರಿವ್ಯಾಗ ಸುತ್ತಿ ಇಡ್ರಿ. ಆರಿದಂಗ ಬದಲಿ ಮಾಡ್ರಿ. ಈ ಕೂಸು ತಣ್ಣಗಾದ್ರ ಉಳಿಯಂಗಿಲ್ಲ."

ಬೆಚ್ಚಗಿಡುವುದು ಎಂದರೆ ಹಗಲೂ ರಾತ್ರಿ ನೀರು ಕಾಯಿಸುವುದು. ನೀರು ಕಾಯಬೇಕೆಂದರೆ ಉರಿ ಬೇಕು. ಆ ಡಿಸೆಂಬರಿನಲ್ಲಿ ಸಮುದ್ರದ ಕಡೆ ಎಲ್ಲೋ ಗಾಳಿ ಎದ್ದು ನಮ್ಮ ಊರಿನ ಮೇಲೆ ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿಯಿತು. ಹಿತ್ತಲಿನ ಕಟ್ಟಿಗೆ ನೆನೆದು ಹೋಯಿತು, ಅಡ್ಡೆಯಲ್ಲಿ ಕೊಂಡು ತಂದದ್ದೂ ಹಸಿಯೇ. ಪಕ್ಕದ ಮನೆಯ ಅಜ್ಜಿ ತನ್ನ ಅಟ್ಟದ ಮೇಲಿನ ಒಣ ಸಗಣಿ ಕುಳ್ಳನ್ನೆಲ್ಲ ಇಳಿಸಿಕೊಟ್ಟಳು. ಅದೂ ಮೂರನೆಯ ದಿನಕ್ಕೆ ಮುಗಿಯಿತು. ಸ್ಟೋದ ತಳದಲ್ಲಿದ್ದ ಚಿಮಣಿ ಎಣ್ಣೆಯನ್ನು ಅಲುಗಾಡಿಸಿ ಅಲುಗಾಡಿಸಿ ಉರಿಸಿದೆವು.

ಆಗ ಅವ್ವ ಒಂದು ತಪ್ಪು ಮಾಡಿದಳು. ತೊಟ್ಟು ಬಿಡಿಸುವ ಹೆಂಗಸರ ಮನೆಯಲ್ಲಿ ಮೂಲೆಗೊಂದು ತೊಟ್ಟಿನ ಚೀಲ ಇದ್ದೇ ಇರುತ್ತದೆ. ಬಯಲಲ್ಲಿ ಒಲೆ ಹೊತ್ತಿಸುವಾಗ ಒಂದು ಹಿಡಿ ಹಾಕಿದರೆ ಬೇಗ ಹತ್ತಿಕೊಳ್ಳುತ್ತದೆ. ಅವ್ವ ಆ ಚೀಲ ಬಿಚ್ಚಿ ಎರಡು ಹಿಡಿ ತೊಟ್ಟನ್ನು ಬಾಣಂತಿ ಕೋಣೆಯ ಅಗ್ಗಿಷ್ಟಿಗೆಗೆ ಹಾಕಿದಳು. ಕಾಯಿಲ್ಲದ ಬರೀ ತೊಟ್ಟು, ಅದರಲ್ಲೆಂಥ ಖಾರ ಎಂದುಕೊಂಡಳು. ಘಾಟು ಎದ್ದದ್ದು ನಮಗೆ ಗೊತ್ತೇ ಆಗಲಿಲ್ಲ. ಹತ್ತು ವರ್ಷ ಗೋದಾಮಿನಲ್ಲಿ ಕುಳಿತವರ ಮೂಗು ಎಂದೋ ಸತ್ತುಹೋಗಿರುತ್ತದೆ. ಗೊತ್ತಾದದ್ದು ಕೂಸಿಗೆ. ಸೀನಿತು, ಕೆಮ್ಮಿತು, ಆಮೇಲೆ ಕೆಮ್ಮುವುದಕ್ಕೂ ಉಸಿರಿಲ್ಲದೆ ಮುಖ ನೀಲಿಗಟ್ಟಿತು. ತಂಗಿ ಅದನ್ನು ಎತ್ತಿಕೊಂಡು ಆ ಜಿಟಿಜಿಟಿ ಮಳೆಯಲ್ಲೇ ಅಂಗಳಕ್ಕೆ ಓಡಿದಳು. ಉಸಿರು ತಿರುಗಿತು, ಆದರೆ ಮೈ ತಣ್ಣಗಾಯಿತು. ಮತ್ತೆ ಬೆಚ್ಚಗಾಗಲು ನಾವು ಮೂವರೂ ಸರದಿಯಲ್ಲಿ ಅದನ್ನು ಬರಿಯ ಎದೆಗೆ ಒತ್ತಿಕೊಂಡು ಕಂಬಳಿ ಹೊದ್ದು ಕುಳಿತೆವು.

"ನನ್ನ ಮೊಮ್ಮಗಳನ್ನ ನಾನ ಕೊಲ್ತಿದ್ನಲ್ಲಬೇ" ಎಂದು ಅವ್ವ ಹಣೆ ಹಣೆ ಬಡಿದುಕೊಂಡಳು. ಅವಳ ಅಳು ಕಂಡು ನನಗೆ ದುಃಖವಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ.

ಬೆಳಗಾಗುತ್ತಲೇ ಕ್ಯಾನು ಹಿಡಿದು ರೇಷನ್ ಅಂಗಡಿಗೆ ಹೋದೆ. ಹಳೆಯ ಕಾರ್ಡಿಗೆ ಎಣ್ಣೆ ಸಿಗುತ್ತಿತ್ತು, ಹೊಸ ಕಾರ್ಡು ಬಂದ ತಿಂಗಳು ಅದು. ಅಂಗಡಿಯವನು ನಮ್ಮ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕಿ ಒಯ್ಯಿ. ಎಣ್ಣಿ ನಿಮ್ಮ ಹೆಸರಿಗೆ ಬಂದಿಲ್ಲ. ತಾಲೂಕ ಆಫೀಸಿಗೆ ಹೋಗಿ ಕೇಳು" ಎಂದ. ಹೋಗಿ ಕೇಳಿದೆ. ಆಗಲೇ ಕಾರಕೂನರು ಆ ಪಟ್ಟಿ ತೆಗೆದದ್ದು.

"ನಿಮ್ಮ ಮನ್ಯಾಗ ಗ್ಯಾಸ್ ಐತಿ. ಗ್ಯಾಸ್ ಇದ್ದೋರಿಗೆ ಎಣ್ಣಿ ಇಲ್ಲ."

"ನಮ್ಮ ಮನ್ಯಾಗ? ಬಂದು ನೋಡ್ರಿ ಸಾಹೇಬ್ರ."

"ನಾ ಬಂದು ನೋಡೂದು ಬ್ಯಾಡವ್ವ. ಕಾಗದದಾಗ ಐತಿ."

ಎಂಟು ತಿಂಗಳಿಗೆ ಹುಟ್ಟಿದ ಕೂಸಿನ ಕಥೆ ಹೇಳಿದೆ. ಒಂದು ಐದು ಲೀಟರ್ ಕೊಡಿರಿ, ಆಮೇಲೆ ನಿಮ್ಮ ಕಾಗದ ಸರಿ ಮಾಡಿಕೊಳ್ಳಿರಿ ಎಂದೆ. ಅವರೇನು ಕೆಟ್ಟವರಲ್ಲ. ಅರ್ಜಿ ಬರೆದುಕೊಡು, ವಿಚಾರಣೆ ಆಗಿ ಪಟ್ಟಿಯಿಂದ ಹೆಸರು ತೆಗೆಯಲು ಒಂದು ತಿಂಗಳು ಹಿಡಿಯುತ್ತದೆ ಎಂದರು.

"ತಿಂಗಳ ತನಕ ತಡಕೋ ಅಂತ ಕೂಸಿಗೆ ಹೇಳ್ಲೇನ್ರಿ?"

ಅವರು ಅರ್ಜಿಯ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಒಳ್ಳೆಯವನೇ, ಪಟ್ಟಿಗೇ ಕನಿಕರವಿರಲಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ಕುಳಿತಾಗ ನೆನಪಾಯಿತು. ಎರಡು ವರ್ಷದ ಹಿಂದೆ ನಮ್ಮ ಗೋದಾಮಿನ ಸಾಹುಕಾರರು ಅವ್ವನ ರೇಷನ್ ಕಾರ್ಡನ್ನು ಎರಡು ದಿನದ ಮಟ್ಟಿಗೆ ಎಂದು ಇಸಿದುಕೊಂಡಿದ್ದರು. ಒಂದು ಕಾಗದಕ್ಕೆ ಅವ್ವನ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿದ್ದರು. ಯಾತಕ್ಕೆ ಎಂದು ಅವ್ವ ಕೇಳಲಿಲ್ಲ. ಸುಗ್ಗಿಯಲ್ಲಿ ಕೆಲಸ ಕೊಡುವ ಸಾಹುಕಾರರು ಕೇಳಿದರೆ ಕಾರ್ಡಲ್ಲ, ತಲೆ ಮೇಲಿನ ಸೆರಗನ್ನೂ ಕೊಡುವ ಜನ ನಾವು. ಆ ದೀಪಾವಳಿಗೆ ಅವರ ಮನೆಯಿಂದ ಒಂದು ಸೀರೆ ಬಂತು, ಅವ್ವ ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಳು. ಒಂದು ಮನೆಗೆ ಒಂದೇ ಗ್ಯಾಸ್ ಎಂಬ ಕಾನೂನಿದ್ದಾಗ ಉಳ್ಳವರು ಆಳುಗಳ ಕಾರ್ಡಿನ ಮೇಲೆ ಎರಡನೆಯದನ್ನು ತೆಗೆಯುತ್ತಾರೆ ಎಂಬುದು ಊರಿಗೇ ಗೊತ್ತಿದ್ದ ವಿಷಯ. ನಮಗೆ ಮಾತ್ರ ನಮ್ಮ ಮನೆಯ ವಿಷಯವಾಗಿ ಗೊತ್ತಿರಲಿಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವ್ವ ನಮಗೆ ಸಣ್ಣಂದಿನಿಂದ ಕಲಿಸಿದ್ದಳು. ಇರಲಿ, ದವಡೆ ನನ್ನದೇ ಅಲ್ಲವೇ ಎಂದುಕೊಂಡು ಎದ್ದೆ. ನಾನು ಸಹಾಯ ಕೇಳಲು ಮನೆ ಬಿಟ್ಟು ಬಂದಿದ್ದೆ. ಸಹಾಯ ಎರಡು ವರ್ಷದ ಹಿಂದೆಯೇ ನಮ್ಮ ಹೆಸರು ಹೇಳಿಕೊಂಡು ಬಂದು ಬೇರೆಯವರ ಮನೆ ಸೇರಿತ್ತು. ಇನ್ನು ಯಾರ ಹತ್ತಿರವೂ ಕೈಚಾಚುವುದಿರಲಿಲ್ಲ, ನಮ್ಮ ಸಾಮಾನು ನಾವು ತರುವುದಿತ್ತು.

ಸಾಹುಕಾರರು ಆ ಹೊತ್ತಿನಲ್ಲಿ ಮಾರುಕಟ್ಟೆಯಲ್ಲಿರುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ, ಸುಳ್ಳೇಕೆ ಹೇಳಲಿ. ಅವರ ಹೆಂಡತಿ ಪಡಸಾಲೆಯಲ್ಲಿ ಕುಳಿತು ಅವರೆ ಸುಲಿಯುತ್ತಿದ್ದರು.

"ಅಮ್ಮಾರ, ನಮ್ಮ ಗ್ಯಾಸ್ ಒಯ್ಯಾಕ ಬಂದೇನ್ರಿ."

"ನಿಮ್ಮ ಗ್ಯಾಸ್ ಅಂದ್ರ?"

"ನಮ್ಮವ್ವನ ಕಾರ್ಡಿನ ಮ್ಯಾಲೆ ತಗೊಂಡದ್ದು. ತಾಲೂಕ ಆಫೀಸಿನ ಪಟ್ಟ್ಯಾಗ ನೋಡಿ ಬಂದೇನಿ. ಅದು ಇಲ್ಲೇ ಇದ್ದದ್ದಕ್ಕ ನಮಗ ಎಣ್ಣಿ ಕೊಡವಲ್ರು. ಮನ್ಯಾಗ ಕೂಸು ಥಂಡಿಗೆ ಸಾಯಾಕತ್ತೇತಿ."

ಅವರು ಅವರೆಯ ಮೊರವನ್ನು ಬದಿಗಿಟ್ಟರು. ಆಮೇಲೆ ಎದ್ದು ಹಿಂದಕ್ಕೆ ನಡೆದರು, ನಾನೂ ಹಿಂದೆಯೇ ಹೋದೆ. ಅಡುಗೆಮನೆ ದಾಟಿ ಬಚ್ಚಲುಮನೆಗೆ ಕರೆದುಕೊಂಡು ಹೋದರು. ಅಲ್ಲಿ ತಾಮ್ರದ ಹಂಡೆಯ ಕೆಳಗೆ ಒಂಟಿ ಒಲೆ, ಅದರ ಪಕ್ಕದಲ್ಲಿ ಕೆಂಪು ಸಿಲಿಂಡರು. ಹಂಡೆಯ ನೀರು ಇನ್ನೂ ಹಬೆಯಾಡುತ್ತಿತ್ತು. ಎರಡು ವರ್ಷ ನಮ್ಮ ಅವ್ವನ ಹೆಸರಿನ ಉರಿಯಲ್ಲಿ ಆ ಮನೆಯವರು ಮೈ ತೊಳೆದುಕೊಂಡಿದ್ದರು. ಆ ಹಂಡೆಯನ್ನು ಕಾಲಿನಿಂದ ಒದೆಯಬೇಕೆನ್ನಿಸಿತು. ಒದೆಯಲಿಲ್ಲ, ಅವ್ವನ ಮರ್ಯಾದೆ ಅಡ್ಡ ಬಂತು.

"ಕೂಸು ಎಷ್ಟ ದಿನದ್ದು?" ಎಂದು ಅಮ್ಮನವರು ಕೇಳಿದರು.

"ಹನ್ನೊಂದು."

ಅವರು ಬಾಗಿ ತಾವೇ ರೆಗ್ಯುಲೇಟರ್ ಕಳಚಿದರು. ಹೇಗೆ ಕೂರಿಸಬೇಕು, ಯಾವ ಕಡೆ ತಿರುಗಿಸಿದರೆ ಬಂದ್ ಆಗುತ್ತದೆ ಎಂದು ಎರಡು ಸಲ ತೋರಿಸಿಕೊಟ್ಟರು. ಒಲೆ ಮಾತ್ರ ಅವರದು, ಅದನ್ನು ನಾನು ಮುಟ್ಟಿರಲಿಲ್ಲ. "ಸಿಲಿಂಡರ್ ಇಲ್ದ ಒಲಿ ಇಟಗೊಂಡು ನಾ ಏನ ಮಾಡ್ಲಿ, ಒಯ್ಯಿ" ಎಂದು ಕೈಗಿತ್ತರು. ಬಾಗಿಲಲ್ಲಿ ಧ್ವನಿ ತಗ್ಗಿಸಿ, "ಅವರು ಬಂದು ಕೇಳಿದ್ರ ಏನ ಹೇಳ್ಲಿ?" ಎಂದರು.

"ಅದರ ಮಾಲಕರು ಬಂದು ಒಯ್ದ್ರು ಅಂತ ಹೇಳ್ರಿ."

ತಲೆಯ ಮೇಲೆ ಸಿಂಬಿ ಇಟ್ಟುಕೊಂಡೆ. ಅಮ್ಮನವರೇ ಒಂದು ಕೈ ಕೊಟ್ಟು ಸಿಲಿಂಡರ್ ಎತ್ತಿಸಿದರು. ಒಂದು ಕೈಯಲ್ಲಿ ಒಲೆ ಹಿಡಿದು ಹಾಡುಹಗಲಲ್ಲಿ ಪೇಟೆಯ ನಡುವೆಯೇ ನಡೆದೆ. ಹಿಂದಿನ ಓಣಿಯಿಂದ ಹೋಗಬಹುದಿತ್ತು, ಬೇಕೆಂದೇ ಹೋಗಲಿಲ್ಲ. ಮೆಣಸಿನಕಾಯಿ ಚೀಲ ಹೊತ್ತ ತಲೆಗೆ ಅದೇನು ಭಾರ. ಚಹಾದಂಗಡಿಯ ಮುಂದೆ ಯಾರೋ, "ಏನಬೇ, ಗ್ಯಾಸ್ ತಗೊಂಡ್ರ್ಯಾ?" ಎಂದರು. "ಹೌದ್ರಿ, ಎರಡ ವರ್ಷ ಆತು" ಎಂದೆ.

ಅವ್ವ ಮಾತ್ರ ಸಿಲಿಂಡರ್ ನೋಡಿ ಬಾಗಿಲಿಗೆ ಅಗಳಿ ಹಾಕಿದಳು. "ಏನ ಮಾಡ್ಕೊಂಡು ಬಂದಿಬೇ, ಅನ್ನ ಹಾಕೋ ಮನಿ ಅದು. ಸಂಜಿ ಆಗೂದ್ರಾಗ ತಿರುಗಿ ಕೊಟ್ಟ ಬಾ" ಎಂದು ಗೋಗರೆದಳು. ನಾನು ಒಲೆ ಹೊತ್ತಿಸಿದೆ. ನೀರು ಕಾಯಲು ಹೊಗೆ ಇಲ್ಲ, ಊದುವುದಿಲ್ಲ, ಕಣ್ಣು ಉರಿಯುವುದಿಲ್ಲ. ನಾಲ್ಕು ಬಾಟ್ಲಿ ತುಂಬಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕೂಸಿನ ಎರಡೂ ಬದಿಗೆ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಅದರ ಅಂಗಾಲು ಬೆಚ್ಚಗಾಯಿತು. ತಂಗಿ ನನ್ನ ಕೈ ಹಿಡಿದು ಆ ಅಂಗಾಲಿನ ಮೇಲೆ ಇಟ್ಟಳು. ಅವ್ವನೂ ಮುಟ್ಟಿ ನೋಡಿದಳು. ತಿರುಗಿ ಕೊಡುವ ಮಾತನ್ನು ಆಮೇಲೆ ಎತ್ತಲಿಲ್ಲ. ಆದರೆ ಹೊರಗೆ ಯಾರ ಚಪ್ಪಲಿ ಸದ್ದು ಕೇಳಿದರೂ ಬೆಚ್ಚುತ್ತಿದ್ದಳು.

ಸಂಜೆಗೆ ಸಾಹುಕಾರರ ಗುಮಾಸ್ತ ಬಂದ. ದೊಡ್ಡ ದನಿಯವನು, ಗೋದಾಮಿನಲ್ಲಿ ನಮ್ಮ ಬುಟ್ಟಿಗಳನ್ನು ತೂಗುವವನು ಅವನೇ. ನಾನು ಎದ್ದೆ. ಅಷ್ಟರಲ್ಲಿ ಅವ್ವ ನನ್ನನ್ನು ಬದಿಗೆ ಸರಿಸಿದಳು. ಸಿಲಿಂಡರನ್ನೂ ಒಲೆಯನ್ನೂ ಎಳೆದು ಬಾಣಂತಿ ಕೋಣೆಯ ಒಳಗೆ ಇಟ್ಟು, ಪರದೆಗೆ ಕಟ್ಟಿದ್ದ ಕಂಬಳಿ ಇಳಿಬಿಟ್ಟು, ಹೊಸ್ತಿಲ ಮೇಲೆ ಕುಳಿತಳು.

"ಸಾಹುಕಾರ್ರು ಸಿಲಿಂಡರ್ ತರಾಕ ಹೇಳ್ಯಾರ" ಎಂದ.

"ಬಾಣಂತಿ ಕ್ವಾಣ್ಯಾಗ ಐತಿ. ಪರಗಂಡಸ್ರು ಒಳಗ ಬರೂ ಹಂಗಿಲ್ಲ. ಬರ್ತೀಯೇನು ಬಾ, ಓಣಿ ಮಂದಿ ನೋಡ್ಲಿ."

ಅವನು ಹೊಸ್ತಿಲು ನೋಡಿದ, ಕಂಬಳಿ ನೋಡಿದ. ಅವನ ಮನೆಯಲ್ಲೂ ಹೆಂಗಸರಿದ್ದರು. ಕಾಲು ಮುಂದೆ ಬರಲಿಲ್ಲ.

"ಆತು, ಇಟಗೋರಿ. ಖಾಲಿ ಆದ ಮ್ಯಾಲೆ ಏನ ಮಾಡ್ತೀರಿ? ಗ್ಯಾಸಿನ ಪುಸ್ತಕ ನಮ್ಮಲ್ಲೈತಿ. ನಾಳಿಯಿಂದ ತಾಯಿ ಮಗಳು ಗೋದಾಮಿಗೆ ಬರೂದೂ ಬ್ಯಾಡ."

ಇಲ್ಲಿ ಅವ್ವ ಕುಸಿಯುತ್ತಾಳೆ ಎಂದುಕೊಂಡೆ. ಸುಗ್ಗಿ ಇನ್ನೂ ಶುರುವಿನಲ್ಲಿತ್ತು, ಆ ಮಾತಿಗೆ ನಮ್ಮ ಅರ್ಧ ವರ್ಷದ ಅನ್ನವೇ ಹೋಗುತ್ತಿತ್ತು. ಅವ್ವ ಕುಳಿತಲ್ಲಿಂದಲೇ ತಲೆ ಎತ್ತಿದಳು. ಗೋದಾಮಿನಲ್ಲಿ ಅವನ ಮುಂದೆ ಅವಳು ತಲೆ ಎತ್ತಿದ್ದನ್ನು ನಾನು ನೋಡಿರಲಿಲ್ಲ.

"ಬರಂಗಿಲ್ಲ ಬಿಡು. ಖರೇ, ಆ ಪುಸ್ತಕ ನಾಳೆ ಮುಂಜಾನೆ ಕಳಿಸಿಕೊಡಾಕ ಹೇಳು. ಕಳಿಸ್ಲಿಲ್ಲಂದ್ರ ನಾ ಜಗಳಾ ಮಾಡಂಗಿಲ್ಲ. ಬಾಣಂತಿನ್ನೂ ಕೂಸನ್ನೂ ಕರಕೊಂಡು ಪ್ಯಾಟ್ಯಾಗ ಹಾದು ನಿಮ್ಮ ಸಾಹುಕಾರ್ರ ಮನಿಗೆ ಬರ್ತೇನಿ. ಅವರ ಬಚ್ಚಲದಾಗ ಇಬ್ಬರಿಗೂ ನೀರು ಎರೀತೇನಿ. ದಿನಾ ಬರ್ತೇನಿ."

ಅವನು ಬಂದ ದಾರಿ ಹಿಡಿದ. ಮರುದಿನ ಮುಂಜಾನೆ ಪುಸ್ತಕ ಬಂತು, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು. ಯಾರು ಕಳಿಸಿದರು, ಸಾಹುಕಾರರೋ ಅಮ್ಮನವರೋ ಎಂದು ನಾವು ವಿಚಾರಿಸಲಿಲ್ಲ.

ಗೋದಾಮು ಹೋಯಿತು. ನಮಗೆ ಕೆಲಸ ಕೊಡಬಾರದು ಎಂದು ಮಾತು ಹೋಗಿದ್ದರಿಂದ ಪಕ್ಕದ ಗೋದಾಮುಗಳಲ್ಲೂ ಇಲ್ಲವೆಂದರು. ನಾನು ದಿನಾ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗಿ ಬೀಜ ಆರಿಸುವ ಕೂಲಿ ಮಾಡಿದೆ. ಕಷ್ಟವಾಯಿತು. ಆದರೆ ಆ ಕಷ್ಟದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಯಾರಾದರೂ ಪಾಪ ಎಂದರೆ ಮೈ ಉರಿಯುತ್ತದೆ. ನಲವತ್ತು ದಿನ ತುಂಬಿದ ಮೇಲೆ ಕೂಸನ್ನು ಹಾವೇರಿಗೆ ಒಯ್ದಾಗ ಅದೇ ನರ್ಸಬಾಯಿ ತಕ್ಕಡಿಯಲ್ಲಿಟ್ಟು ನೋಡಿ, ಇದು ಆ ಕೂಸು ಹೌದೋ ಅಲ್ಲವೋ ಎಂದು ಚೀಟಿಯನ್ನು ಎರಡು ಸಲ ಓದಿದರು.

ಆ ದಿನ ಹಾವೇರಿಯಿಂದ ಮನೆಗೆ ಬಂದಮೇಲೆ ಅವ್ವ ದೊಡ್ಡ ಪಾತ್ರೆಯ ತುಂಬ ನೀರು ಕಾಯಲಿಟ್ಟಳು. ತಂಗಿಗೂ ಕೂಸಿಗೂ ಬೆಳಿಗ್ಗೆಯೇ ಎರೆದಾಗಿತ್ತು. ಯಾರಿಗೆ ಎಂದು ಕೇಳಿದೆ. ಪಾತ್ರೆ ಇಳಿಸಿ, ಬಚ್ಚಲಿಗೆ ಒಯ್ದು, ಬಾಗಿಲು ಹಾಕಿಕೊಂಡಳು. ನಾನು ಹುಟ್ಟಿದಂದಿನಿಂದ ಅವ್ವ ಬಿಸಿನೀರು ಎರೆದುಕೊಂಡದ್ದನ್ನು ಕಂಡಿರಲಿಲ್ಲ. ತೊಟ್ಟು ಬಿಡಿಸಿದ ಕೈಗೆ ಬಿಸಿನೀರು ತಾಗಿದರೆ ಕೆಂಡ ಹಿಡಿದಂತಾಗುತ್ತದೆ, ಹಾಗಾಗಿ ತಣ್ಣೀರೇ ಒಳ್ಳೆಯದು ಎನ್ನುತ್ತಿದ್ದಳು. ಉರುವಲು ಉಳಿಯುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಈಗ ಗೋದಾಮು ಬಿಟ್ಟು ತಿಂಗಳಾಗಿತ್ತು, ಅವಳ ಕೈಯ ಖಾರ ಹೋಗಿತ್ತು. ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ತಂಬಿಗೆಯ ಮೇಲೆ ತಂಬಿಗೆ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ಆಮೇಲೆ ಅವಳು ಹೊರಗೆ ಕೈಚಾಚಿ ಖಾಲಿ ಪಾತ್ರೆ ಇಟ್ಟು, ಇನ್ನೊಂದು ಪಾತ್ರೆ ಕಾಯಿಸಿಡು ಎಂದಳು.

"ಯವ್ವಾ, ಗ್ಯಾಸ್ ತೀರತೈತಿ" ಎಂದೆ.

"ತೀರ್ಲಿ" ಎಂದಳು ಒಳಗಿನಿಂದ. "ನಂದ ಐತಿ."