ನೆಟ್ಟಗೆ ಬಂದ ಕೆಂಪು ಗೆರೆ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಕನ್ನಡಕದ ನೆಪ, ಒಮ್ಮೆ ಮಂಡಿನೋವಿನ ನೆಪ. ಹೆಂಡತಿಗಾದರೂ ಹೇಳೋಣವೆಂದುಕೊಂಡಿದ್ದೆ. ಆಕೆ ಇರುವಷ್ಟು ದಿನ ಹೇಳಲಿಲ್ಲ, ಈಗ ಆಕೆ ಇಲ್ಲ. ಏಳು ವರ್ಷ ಹೀಗೆ ಮುಂದೂಡಿದೆ. ಮುಚ್ಚಿಟ್ಟುಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಅದು ನನ್ನಲ್ಲಿ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಧಾರವಾಡದಲ್ಲಿ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ವಿಮಾನದ ಮೀಟರುಗಳನ್ನು ರಿಪೇರಿ ಮಾಡುವ ಕೆಲಸ ಮಾಡಿದೆ. ನಿವೃತ್ತಿಯಾದ ಮೇಲೆ ಪುಣೆಯಲ್ಲೇ ಉಳಿದು, ಯೆರವಡಾದ ಆಚೆ ಇದ್ದ ಒಂದು ಖಾಸಗಿ ಪೈಲಟ್ ತರಬೇತಿ ಶಾಲೆಯಲ್ಲಿ ಸಿಮ್ಯುಲೇಟರ್ ನಡೆಸುವ ಕೆಲಸಕ್ಕೆ ಸೇರಿಕೊಂಡೆ. ಸಿಮ್ಯುಲೇಟರ್ ಎಂದರೆ ನೆಲ ಬಿಡದ ವಿಮಾನ. ಒಂದು ಏಸಿ ಕೋಣೆ, ಅದರೊಳಗೆ ವಿಮಾನದ ಮೂಗಿನಂಥ ಒಂದು ಡಬ್ಬಿ. ವಿದ್ಯಾರ್ಥಿ ಆ ಡಬ್ಬಿಯೊಳಗೆ ಕೂತು ಬಾಗಿಲು ಎಳೆದುಕೊಂಡರೆ ಮುಂದಿನ ಗಾಜಿನಲ್ಲಿ ಬರೀ ಬೂದು ಮೋಡ. ಹೊರಗೆ ಮೇಜಿನ ಮುಂದೆ ನಾನು. ಗಾಳಿ ಹಾಕುವುದು, ಮೋಡ ಹಾಕುವುದು, ಕಂಟ್ರೋಲ್ ಟವರಿನವರ ಹಾಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವುದು, ಇವಿಷ್ಟು ನನ್ನ ಕೆಲಸ. ಒಳಗಿನವರು ಹೇಗೆ ಹಾರಿಸುತ್ತಿದ್ದಾರೆಂಬುದು ನನ್ನ ಪರದೆಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತಿತ್ತು. ಪಾಠ ಮುಗಿದ ಮೇಲೆ ಆ ಗೆರೆಯನ್ನು ಕಾಗದಕ್ಕೆ ಇಳಿಸಿ ಕೊಡುತ್ತಿದ್ದೆ. ಕಲಿಸುವ ಸರ್ ಅದನ್ನು ನೋಡಿ, ಸಹಿ ಹಾಕಿ, ಫೈಲಿಗೆ ಸೇರಿಸುತ್ತಿದ್ದರು. ವಿದ್ಯಾರ್ಥಿ ಮುಂದಿನ ಹಂತಕ್ಕೆ ಹೋಗುವುದು ಬಿಡುವುದು ಆ ಗೆರೆಗಳ ಮೇಲೆ ನಿಂತಿತ್ತು.

ಏಳು ವರ್ಷದ ಹಿಂದೆ ಬಂದವರಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ಇದ್ದಳು. ಇಪ್ಪತ್ತರ ವಯಸ್ಸು, ತಂದೆ ಹೈಸ್ಕೂಲು ಮೇಷ್ಟರು. ಹೊರಗೆ ನಿಜವಾದ ವಿಮಾನದಲ್ಲಿ, ನೆಲ ಕಾಣುವಾಗ, ಚೆನ್ನಾಗಿಯೇ ಹಾರಿಸುತ್ತಿದ್ದಳಂತೆ. ಮೋಡದೊಳಗೆ ಬರೀ ಮೀಟರು ನೋಡಿ ಹಾರಿಸುವ ಪಾಠ ಬಂದಾಗ ಸಿಕ್ಕಿಬಿದ್ದಳು. ಅದರಲ್ಲಿ ಮುಖ್ಯವಾಗಿ ಆರು ಮೀಟರು. ನಡುವಿನದು ವಿಮಾನ ಸಮವಾಗಿದೆಯೋ ವಾಲಿದೆಯೋ ಹೇಳುತ್ತದೆ. ಸುತ್ತಲಿನವು ಎತ್ತರ, ವೇಗ, ದಿಕ್ಕು ಹೀಗೆ. ಕಣ್ಣು ನಡುವಿನದರಿಂದ ಹೊರಟು ಒಂದನ್ನು ನೋಡಿ ಮತ್ತೆ ನಡುವಿಗೆ ಬರಬೇಕು. ಎಲ್ಲಿಯೂ ನಿಲ್ಲಬಾರದು. ಇವಳ ಕಣ್ಣು ನಿಲ್ಲುತ್ತಿತ್ತು. ಎತ್ತರದ ಮುಳ್ಳನ್ನು ನೋಡುತ್ತ ಕೂತರೆ ದಿಕ್ಕು ಕೈಬಿಟ್ಟು ಹೋಗುತ್ತಿತ್ತು. ದಿಕ್ಕನ್ನು ಹಿಡಿಯಲು ಹೋದರೆ ಇನ್ನೂರು ಅಡಿ ಕೆಳಗೆ ಬಂದಿರುತ್ತಿದ್ದಳು.

ಸರ್ ಮರಾಠಿಯವರು, ಅರವತ್ತು ದಾಟಿದವರು, ಸಿಟ್ಟಿನವರಲ್ಲ. "ನಜರ್ ಫಿರವ್, ಪೋರಿ, ನಜರ್ ಫಿರವ್" ಎನ್ನುತ್ತಿದ್ದರು. ಕಣ್ಣು ಆಡಿಸು ಮಗಳೇ, ಕಣ್ಣು ಆಡಿಸು. ಅವಳು ವಿಮಾನ ತಿರುಗಿಸುವ ಹಿಡಿಕೆಯನ್ನು ಉಡದ ಹಾಗೆ ಹಿಡಿಯುತ್ತಾಳೆಂದು ಅವಳ ಬೆರಳುಗಳ ನಡುವೆ ಒಂದು ಪೆನ್ಸಿಲು ಸಿಕ್ಕಿಸಿದ್ದರು. ಬಿಗಿ ಹಿಡಿದರೆ ಪೆನ್ಸಿಲು ಒತ್ತಿ ನೋಯಬೇಕು, ನೋವಾದರೆ ಕೈ ಸಡಿಲಾಗಬೇಕು, ಅದು ಲೆಕ್ಕ. ಅವಳು ನೋವನ್ನು ತಡೆದುಕೊಂಡು ಇನ್ನೂ ಬಿಗಿ ಹಿಡಿಯುತ್ತಿದ್ದಳು. ಡಬ್ಬಿಯಿಂದ ಹೊರಗೆ ಬಂದಾಗ ಬೆರಳುಗಳ ಮೇಲೆ ಕೆಂಪು ಬರೆ ಎದ್ದಿರುತ್ತಿತ್ತು. ಅವಳ ಗೆರೆಯೋ, ಕುಡಿದವನು ನಡೆದ ದಾರಿಯಂತೆ ಇರುತ್ತಿತ್ತು.

ಮೂರು ವಾರ ನಾವು ಹಿಂದಿಯಲ್ಲೇ ಮಾತಾಡಿದ್ದೆವು. ಒಂದು ದಿನ ಸರ್ ಫೋನು ಬಂತೆಂದು ಹೊರಗೆ ಹೋಗಿದ್ದರು. ಅವಳ ಗೆರೆ ಪಕ್ಕಕ್ಕೆ ಸರಿಯುತ್ತಿದ್ದುದನ್ನು ನೋಡಿ ನನ್ನ ಬಾಯಿಂದ ಬಂದುಬಿಟ್ಟಿತು: "ಅಯ್ಯ, ಮತ್ತ ಎಡಕ್ಕ ಹೊಂಟಿತಲ್ಲ!" ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು, ನನಗೆ ಗೊತ್ತಿರಲಿಲ್ಲ.

ಹೆಡ್‌ಫೋನಿನಲ್ಲಿ ಅವಳ ದನಿ ಬಂತು. "ಯಾರ್ರೀ ಅದು? ಕನ್ನಡದವರೇನ್ರಿ ನೀವು?"

"ಧಾರವಾಡದಾಂವ. ನೀ ಮೊದಲ ಬಲಕ್ಕ ಬಾ ತಂಗಿ, ಆಮ್ಯಾಲೆ ಊರು ಕೇರಿ ಕೇಳೀಯಂತ."

ಅವಳು ನಕ್ಕಳು. ನಗುತ್ತಲೇ ಬಲಕ್ಕೆ ಬಂದಳು. ಅವಳ ಗೆರೆ ಮೊದಲ ಸಲ ನೆಟ್ಟಗಾಗಿದ್ದು ಆಗ.

ಅಂದಿನಿಂದ ನಾನು ಅವಳಿಗೆ ಕಾಕಾ ಆದೆ. ಮಧ್ಯಾಹ್ನ ನನ್ನ ಊಟದ ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿಯಲ್ಲಿ ಅರ್ಧ ಅವಳದಾಯಿತು. "ನಿಮ್ಮ ಪುಣ್ಯಾ ರೀ ಕಾಕಾ, ನಮ್ಮ ಪೀಜಿಯೊಳಗ ಮುಂಜಾನೆ ಪೋಹೆ, ಸಂಜಿಗೂ ಅದಽ ಪೋಹೆ ಬಿಸಿ ಮಾಡಿದ್ದು" ಎನ್ನುತ್ತಿದ್ದಳು. ಪಾಠದ ಬಗ್ಗೆ ಕೇಳಿದರೆ ಮಾತ್ರ ಮುಖ ಸಣ್ಣದಾಗುತ್ತಿತ್ತು. "ಏನ್ ಮಾಡ್ಲಿ ಹೇಳ್ರಿ. ಒಂದು ಮುಳ್ಳು ಹಿಡದ್ರ ಇನ್ನೊಂದು ಓಡಿ ಹೋಗ್ತದ. ಕುರಿ ಕಾಯೋದು ಇದಕ್ಕಿಂತ ಹಗೂರ ಇರಬೇಕು."

ನಾನು ಹೇಳಿಕೊಡತೊಡಗಿದೆ. ಕಲಿಸಲಿಲ್ಲ, ಹೇಳಿಕೊಟ್ಟೆ. ಎರಡಕ್ಕೂ ವ್ಯತ್ಯಾಸ ಇದೆ, ಅದು ನನಗೆ ಆಗಲೂ ಗೊತ್ತಿತ್ತು. ನನ್ನ ಪರದೆಯ ಮೇಲೆ ಎಲ್ಲವೂ ಕಾಣುತ್ತಿತ್ತು. ಜರಾ ಬಲಕ್ಕ. ಸಾಕು. ಮೂಗು ಏಳ್ಲಿಕತ್ತದ, ಇಳಸು. ಹಾಂ, ಹಿಂಗಽ ಇರು. ಸರ್ ನನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ತಮಾಷೆ ಮಾಡಿದರು: "ಕಾಯ್, ಕಾನಡೀ ಭಜನ ಸುರೂ ಝಾಲಂ ಕಾ?" ಕನ್ನಡ ಭಜನೆ ಶುರುವಾಯಿತೇನು ಎಂದು. ನಾನು, ಹುಡುಗಿಗೆ ಮನೆ ನೆನಪಾಗಿದೆ ಸರ್, ನಮ್ಮ ಮಾತು ಕೇಳಿದರೆ ಧೈರ್ಯ ಬರುತ್ತದೆ ಎಂದೆ. ಅವರು ತಲೆಯಾಡಿಸಿದರು. ಗೆರೆಗಳು ದಿನದಿನಕ್ಕೆ ನೆಟ್ಟಗಾಗುತ್ತ ಬಂದವು. ಸಹಿ ಬೀಳುತ್ತ ಬಂತು.

ಅವಳ ಮೇಲಿನ ಅಂತಃಕರಣದಿಂದ ಹೀಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತು. ಜೀವನವಿಡೀ ಮೀಟರುಗಳನ್ನು ಬಿಚ್ಚಿ ಜೋಡಿಸಿದವನು ನಾನು. ಹಾರಿಸುವವರು ಬಂದು, ಮೀಟರು ಸರಿಯಾಯಿತೇನು ಎಂದು ಕೇಳಿ, ನನ್ನ ಮುಖ ನೋಡದೆ ಏಣಿ ಹತ್ತಿ ಹೋಗುತ್ತಿದ್ದರು. ಈಗ ಆ ಹುಡುಗಿಯ ಕೈಯಿಂದ ನಾನು ಹಾರಿಸುತ್ತಿದ್ದೆ. ಕಾಗದ ಪ್ರಿಂಟರಿನಿಂದ ಹೊರಬರುವಾಗ ಒಂದು ಅಂಚನ್ನು ಹಿಡಿದುಕೊಂಡು ನಿಲ್ಲುತ್ತಿದ್ದೆ. ಆ ನೆಟ್ಟ ಗೆರೆ ನನ್ನದು ಎಂದು ಒಳಗೊಳಗೆ ಹಿಗ್ಗುತ್ತಿದ್ದೆ.

ಅವಳು ಬೇಡವೆಂದಿದ್ದಳು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನೆಲ್ಲ ಬರೆದೂ ಉಪಯೋಗವಿಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಡಬ್ಬಿಯ ಬಾಗಿಲ ಬಳಿ ನಿಂತು ಹೇಳಿದಳು, "ಕಾಕಾ, ಇನ್ನ ಹೇಳಬ್ಯಾಡ್ರಿ. ಪರೀಕ್ಷಾದಾಗ ನೀವು ಇರಂಗಿಲ್ಲ. ತಪ್ಪಿದ್ರ ತಪ್ಪಲಿ, ನಾನಽ ಮಾಡ್ತೀನಿ."

"ಆತು, ಬಾಯಿಗೆ ಬೀಗ" ಎಂದೆ.

ಐದು ನಿಮಿಷ ತಡೆದುಕೊಂಡೆ. ಅವಳ ಗೆರೆ ಮೊದಲಿನ ಹಾಗೆಯೇ ಕುಡಿದು ನಡೆಯತೊಡಗಿತು. ಎತ್ತರ ಕಳೆದುಕೊಂಡಳು, ಮತ್ತೆ ಪಡೆದಳು, ಮತ್ತೆ ಕಳೆದುಕೊಂಡಳು. ಸ್ಪೀಕರಿನಲ್ಲಿ ಅವಳ ಉಸಿರಾಟ ಕೇಳುತ್ತಿತ್ತು. ಆ ಐದು ನಿಮಿಷದಲ್ಲಿ ಅವಳು ನಿಜವಾಗಿ ಕಲಿಯುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಗುಂಡಿ ಒತ್ತಿದೆ. "ಬಲಕ್ಕ, ತಂಗಿ." ಅವಳು ಬಲಕ್ಕೆ ಬಂದಳು. ಆಮೇಲೆ ಬೇಡವೆನ್ನುವುದನ್ನು ಬಿಟ್ಟಳು.

ಪರೀಕ್ಷೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಅಂಥವರು ಸಾಮಾನ್ಯವಾಗಿ ಪಕ್ಕದಲ್ಲಿ ಕೂತು ನೋಡುತ್ತಾರೆ, ಯಂತ್ರ ನನ್ನ ಕೈಯಲ್ಲೇ ಇರುತ್ತದೆ. ಇವರು ಮಾತ್ರ ಬಂದವರೇ ನನ್ನ ಕುರ್ಚಿಯಲ್ಲಿ ಕೂತು, ಹೆಡ್‌ಫೋನು ತಮ್ಮ ತಲೆಗೆ ಹಾಕಿಕೊಂಡರು. ನೀವು ಆ ಕಡೆ ನಿಲ್ಲಿ ಎಂದರು. ನಾನು ಗೋಡೆಗೆ ಆತು ನಿಂತೆ. ಒಳಗೆ ಹೋಗುವ ಮೊದಲು ಹುಡುಗಿ ನನ್ನ ಕಡೆ ನೋಡಿದಳು. ನಾನು ಗಡಿಯಾರ ನೋಡಿದೆ.

ಮೊದಲ ತಿರುವಿನವರೆಗೆ ಸರಿಯಾಗಿಯೇ ಇತ್ತು. ಅಧಿಕಾರಿ ಗಾಳಿ ಹಾಕಿದರು. ಆಮೇಲೆ ಎತ್ತರ ಹೋಯಿತು, ದಿಕ್ಕು ಹೋಯಿತು, ವಿಮಾನ ವಾಲಿ ಸುತ್ತುತ್ತ ಇಳಿಯತೊಡಗಿತು. ಅವಳು ಯಾವ ಮುಳ್ಳನ್ನೂ ನೋಡುತ್ತಿಲ್ಲ, ನನ್ನ ದನಿಗೆ ಕಾಯುತ್ತಿದ್ದಾಳೆ ಎಂಬುದು ನನಗೆ ಪರದೆ ನೋಡಿಯೇ ಗೊತ್ತಾಯಿತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಅವಳ ಸ್ವರ ಬಂತು, ಸಣ್ಣಗೆ.

"ಕಾಕಾ... ಎಡಕ್ಕೋ, ಬಲಕ್ಕೋ?"

ಪರದೆ ಪೂರ್ತಿ ಕೆಂಪಾಗಿ ನಿಂತುಹೋಯಿತು. ವಿಮಾನ ನೆಲಕ್ಕೆ ಬಿದ್ದರೆ ಹಾಗೆ ನಿಲ್ಲುತ್ತದೆ.

ಅಧಿಕಾರಿ ಹಿಂತಿರುಗಿ ಹಿಂದಿಯಲ್ಲಿ ಕೇಳಿದರು, ಏನು ಹೇಳಿದಳು ಇವಳು? ಆ ಕೋಣೆಯಲ್ಲಿ ಕನ್ನಡ ತಿಳಿದವನು ನಾನೊಬ್ಬನೇ. "ಹೆದರಿದ್ದಾಳೆ ಸಾಬ್, ತನ್ನಷ್ಟಕ್ಕೆ ಏನೋ ಅಂದುಕೊಂಡಳು" ಎಂದೆ. ಅವರು ಬರೆದುಕೊಂಡು ಎದ್ದುಹೋದರು. ಆದರೆ ಕಾಕಾ ಎನ್ನುವುದು ಮರಾಠಿಯಲ್ಲೂ ಕಾಕಾ. ಸರ್ ನನ್ನನ್ನೇ ನೋಡುತ್ತಿದ್ದರು.

ಅವರು ಫೈಲು ತಂದು ಹಿಂದಿನ ಗೆರೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಅವುಗಳ ಪಕ್ಕದಲ್ಲಿ ಅವತ್ತಿನ ಕಾಗದ ಇಟ್ಟರು. ಇವು ಹೇಗೆ ಬಂದವು, ನಿಜ ಹೇಳಿ ಎಂದರು. ದನಿ ಏರಿಸಲಿಲ್ಲ.

ನಿಜ ಹೇಳಲು ಒಂದು ನಿಮಿಷ ಸಾಕಾಗುತ್ತಿತ್ತು. ನನಗೆ ಕಂಡದ್ದು ನನ್ನ ಕುರ್ಚಿ, ನನ್ನ ಮೇಜು, ಅರವತ್ತಾರನೇ ವಯಸ್ಸಿನಲ್ಲಿ ಗೇಟಿನ ವಾಚ್‌ಮನ್ ಎದುರು ಚೀಲ ಹಿಡಿದು ಹೊರಗೆ ಹೋಗುವುದು. ಹೇಳಿದೆ: "ಅವಳೇ ಕೇಳುತ್ತಿದ್ದಳು ಸರ್. ದಿನಾ ಗೋಗರೆಯುತ್ತಿದ್ದಳು. ಬೇಡ ಅಂದೆ. ಒಂದೆರಡು ಸಲ ಕರುಳು ತಡೆಯದೆ ಹೇಳಿದೆ, ಅಷ್ಟೇ."

ಹೇಳಿ ಮುಗಿಸಿದಾಗ ಅವಳು ಡಬ್ಬಿಯ ಬಾಗಿಲಲ್ಲಿ ನಿಂತಿದ್ದಳು. ನಮ್ಮಿಬ್ಬರ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಳು.

ಸರ್ ಅವಳ ಕಡೆ ತಿರುಗಿ, "ಖರಂ ಆಹೇ ಕಾ?" ಎಂದರು. ನಿಜವೇ?

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ ಬದುಕುವುದು ಸುಲಭವಾಗುತ್ತಿತ್ತು. ಇವರಿಗೆ ಇಷ್ಟು ಭಯವಿದೆಯೇ ಎಂದು ಆಶ್ಚರ್ಯಪಟ್ಟವಳ ಹಾಗೆ ನೋಡಿದಳು. ಆಮೇಲೆ ಸರ್ ಕಡೆ ತಿರುಗಿ, "ಹೋ ಸರ್" ಎಂದಳು. ಹೌದು ಸರ್.

ಪರೀಕ್ಷೆಯಲ್ಲಿ ತಪ್ಪಿದವರು ಮತ್ತೆ ಕೂರಬಹುದಿತ್ತು. ಮೋಸ ಮಾಡಿದವರಿಗೆ ಆ ಶಾಲೆಯಲ್ಲಿ ಜಾಗ ಇರಲಿಲ್ಲ. ವಾರದೊಳಗೆ ಅವಳ ಹೆಸರು ತೆಗೆದರು. ನನ್ನನ್ನು ಕರೆದು, ವಯಸ್ಸಾದವರು, ಮೆತ್ತನೆ ಮನಸ್ಸು, ಇನ್ನು ಮುಂದೆ ಹಾಗೆ ಮಾಡಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಮತ್ತೆರಡು ವರ್ಷ ಅದೇ ಕುರ್ಚಿಯಲ್ಲಿ ಕೂತೆ.

ಅವಳನ್ನು ಕರೆದೊಯ್ಯಲು ತಂದೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಮಗಳು ಪರೀಕ್ಷೆಯಲ್ಲಿ ತಪ್ಪಿದ್ದಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಅವಳು ಆಟೋದಲ್ಲಿ ಸೂಟ್‌ಕೇಸು ಇಡುತ್ತಿದ್ದಳು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಮ್ಮ ಕಡೆಯವರು ಒಬ್ಬರು ಅದಾರಂತ ಅಕಿ ಭಾಳ ಹೇಳ್ತಿದ್ಲರಿ. ನಿಮ್ಮ ಮನೀ ಚಟ್ನಿ ತಿಂದು ಇಷ್ಟು ದಿನ ನಿಂತಾಳ. ನಿಮ್ಮ ಉಪಕಾರ ಮರೆಯಂಗಿಲ್ರಿ."

"ಅದೇನು ದೊಡ್ಡದು ಬಿಡ್ರಿ" ಎಂದೆ. ನಿಜವಾಗಿ ಹಾಗೆಯೇ ಎಂದೆ.

ಕೆಲಸ ಬಿಟ್ಟ ಮೇಲೆ, ಹೆಂಡತಿ ತೀರಿಕೊಂಡ ಮೇಲೆ, ವಾಕಡದಲ್ಲಿರುವ ಸರ್ ಮನೆಯನ್ನು ಹುಡುಕಿಕೊಂಡು ಹೋದೆ. ಲಿಫ್ಟು ಕೆಟ್ಟಿತ್ತು. ಐದು ಮಹಡಿ ಹತ್ತಿ, ಏದುಸಿರಿನಲ್ಲೇ ಎಲ್ಲ ಹೇಳಿಬಿಟ್ಟೆ. ಅವಳು ಕೇಳಿರಲಿಲ್ಲ ಸರ್, ಬೇಡವೆಂದಿದ್ದಳು, ಸುಳ್ಳು ಹೇಳಿದವನು ನಾನು ಎಂದೆ. ಸರ್ ನೀರು ತಂದುಕೊಟ್ಟು ಎದುರು ಕೂತರು.

"ನನಗೆ ಗೊತ್ತಿತ್ತು" ಎಂದರು ಮರಾಠಿಯಲ್ಲಿ. "ಹಿಡಿಕೆಯನ್ನು ಹಾಗೆ ಹಿಡಿಯುವ ಕೈಯಿಂದ ಅಂಥ ಗೆರೆ ಬರುವುದಿಲ್ಲ. ಪ್ರತಿ ಸಹಿ ಹಾಕುವಾಗಲೂ ಗೊತ್ತಿತ್ತು. ಹೇಗಾದರೂ ದಾಟಲಿ ಎಂದು ಸುಮ್ಮನಿದ್ದೆ. ಅವತ್ತೂ ಸುಮ್ಮನೇ ಇದ್ದೆ." ಮತ್ತೆ ಹೇಳಿದರು: "ನನ್ನ ಹತ್ತಿರ ಯಾಕೆ ಬಂದಿರಿ? ನಿಮ್ಮನ್ನು ಮಾಫ್ ಮಾಡುವ ಹಕ್ಕು ನನಗೆಲ್ಲಿದೆ? ತಪ್ಪು ಮನೆಗೆ ಬಂದಿದ್ದೀರಿ."

ಇಳಿಯುವಾಗ ಪ್ರತಿ ಮಹಡಿಯಲ್ಲೂ ನಿಂತು ಇಳಿದೆ.

ಆ ಮೇಷ್ಟರು ಪ್ರತಿ ಸಂಕ್ರಾಂತಿಗೆ ನನ್ನ ಮೊಬೈಲಿಗೆ ಎಳ್ಳು ಬೆಲ್ಲದ ಚಿತ್ರ ಕಳಿಸುತ್ತಾರೆ. ಕೆಳಗೆ ತಮ್ಮ ಕೈಯಾರೆ ಒಂದು ಸಾಲು ಸೇರಿಸುತ್ತಾರೆ. ಮಗಳು ಈಗ ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ, ವಿಮಾನದ ಮಾತು ಎತ್ತುವುದಿಲ್ಲ ಎಂದು ಒಂದು ವರ್ಷ ಬರೆದಿದ್ದರು. ಈ ವರ್ಷವೂ ಚಿತ್ರ ಬಂತು. ಅಂದರೆ ಅವಳು ಇಂದಿಗೂ ತಂದೆಗೆ ಹೇಳಿಲ್ಲ. ನಾನು ಕೈ ಮುಗಿದ ಗುರುತು ಒತ್ತಿ ಕಳಿಸುತ್ತೇನೆ, ಮೊಬೈಲು ಬೋರಲು ಹಾಕಿಡುತ್ತೇನೆ. ಅವರಿಗೆ ಫೋನು ಮಾಡಿ, ಮಗಳಿಗೆ ಕೊಡಿ ಎಂದರೆ ಕೊಟ್ಟಾರು. ಅಷ್ಟು ಮಾಡಿಲ್ಲ.

ಸರ್ ಎದುರು ತಪ್ಪೊಪ್ಪಿಕೊಂಡಿದ್ದೇನೆ. ದೇವರ ಮುಂದೆ ಅತ್ತಿದ್ದೇನೆ. ಈಗ ಯಾರೆಂದು ತಿಳಿಯದ ನಿಮಗೂ ಹೇಳಿದ್ದಾಯಿತು. ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನು: ಬೆಳಗಾವಿ ಕಡೆಯ ಮೇಷ್ಟರ ಮಗಳನ್ನು, ನನ್ನ ಸುಳ್ಳಿಗೆ ಹೌದೆಂದು ತನ್ನ ಹಾರಾಟ ಬಿಟ್ಟುಕೊಟ್ಟ ಆ ಹುಡುಗಿಯನ್ನು.