ಬ್ರೇಕಮ್ಮನಿಗೆ ಎರಡು ದಾರಿ

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಊರಿಗೆಲ್ಲ ಬ್ರೇಕಮ್ಮ. ಹೆಂಗಸರಿಗೆ ಕಾರು ಓಡಿಸಲು ಕಲಿಸುವುದು ಅವರ ಕೆಲಸ. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ ಅತ್ತೆ ಪಕ್ಕದ ಸೀಟಿನಲ್ಲಿ. ಅವರ ಕಾಲ ಬುಡದಲ್ಲಿ ಅವರದೇ ಒಂದು ಕ್ಲಚ್ಚು, ಅವರದೇ ಒಂದು ಬ್ರೇಕು. ರಸ್ತೆ ದಾಟಲೋ ಬೇಡವೋ ಎಂದು ನಾಯಿ ಇನ್ನೂ ಯೋಚನೆ ಮಾಡುತ್ತಿರುವಾಗಲೇ ಅತ್ತೆಯ ಕಾಲು ಬ್ರೇಕಿನ ಮೇಲೆ ಬಿದ್ದಿರುತ್ತದೆ. ಕಲಿಯುವವಳು ಮುಗ್ಗರಿಸಿ ಅಯ್ಯೋ ಎಂದರೆ, "ಬೆಲ್ಟು ಬಿಗಿಯಾಗಿ ಹಾಕ್ಕೊಮ್ಮ" ಎನ್ನುತ್ತಾರೆ. ಕನಿಕರ ಸ್ವಲ್ಪ ಕಡಿಮೆ.

ಮನೆಯಲ್ಲೂ ಅವರು ಪಕ್ಕದ ಸೀಟು ಬಿಟ್ಟು ಇಳಿಯುವುದಿಲ್ಲ. ನಾನು ಒಲೆಯ ಮುಂದೆ ನಿಂತರೆ ಬೆನ್ನ ಹಿಂದಿನಿಂದ, "ಉರಿ ಕಮ್ಮಿ ಮಾಡು, ಇನ್ನೂ ಕಮ್ಮಿ, ಹಾಂ, ಈಗ ಹಾಕು" ಎಂದು ಶುರು. ನನ್ನ ಗಂಡ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಅಮ್ಮ ಕೆಮ್ಮಿದರೆ ನಿಂತಲ್ಲೇ ನಿಂತುಬಿಡುತ್ತಾರೆ. ಈ ಗಲಾಟೆಗೆಲ್ಲ ಸಂಬಂಧವೇ ಇಲ್ಲದವರಂತೆ ಇದ್ದವರು ಮಾವ ಒಬ್ಬರೇ. ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಮಾತಿನ ಸರಬರಾಜನ್ನೂ ನಿಲ್ಲಿಸಿದ್ದರು. "ಕೊಡೆ ಎಲ್ಲಿ?" "ಬಾಗಿಲ ಹಿಂದೆ." ಗಂಡ ಹೆಂಡತಿಯ ನಡುವೆ ದಿನಕ್ಕೆ ಇಷ್ಟು ಮಾತು ನಡೆದರೆ ಅದೇ ದೊಡ್ಡದು. ಪಾಪ, ಇಬ್ಬರಿಗೂ ಆಗಿಬರುವುದಿಲ್ಲ, ಹೇಗೋ ಕಾಲ ತಳ್ಳುತ್ತಿದ್ದಾರೆ ಎಂದು ಮದುವೆಯಾಗಿ ಬಂದ ಹೊಸದರಲ್ಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಬೇರೆಯವರ ವಿಷಯ ತೀರ್ಮಾನಿಸುವುದರಲ್ಲಿ ನಾನೂ ಅತ್ತೆಗೇನು ಕಡಿಮೆಯವಳಲ್ಲ.

ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಅತ್ತೆಗೆ ಮತ್ತೆ ರಕ್ತ ಕಾಣಿಸಿಕೊಂಡಿತು. "ದಿನವಿಡೀ ಗಾಡೀಲಿ ಕೂತು ಉಷ್ಣ ಆಗಿದೆ" ಎಂದು ತಮಗೆ ತಾವೇ ಪರೀಕ್ಷೆ ಮಾಡಿ ತಾವೇ ಪಾಸು ಮಾಡಿಕೊಂಡರು. ಬಟ್ಟೆ ನೆನೆಸುವಾಗ ನನ್ನ ಕಣ್ಣಿಗೆ ಬಿತ್ತು. ನಾನು ಬಿಡುತ್ತೇನೆಯೇ? ಬೀದಿಗೆ ಕೇಳಿಸುವ ಹಾಗೆ ಜಗಳವಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್. ಸಣ್ಣದು, ಹರಡಿದ ಹಾಗೆ ಕಾಣುತ್ತಿಲ್ಲ ಎಂದರು. ಆ ಸಂಜೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಬಕೆಟ್ಟು ತುಂಬಿ ಹರಿಯುವ ತನಕ ಅತ್ತುಬಿಟ್ಟೆ. ಜಗಳವಾಡಲು ಆ ಮನೆಯಲ್ಲಿ ನನಗಿದ್ದವರು ಅವರೊಬ್ಬರೇ.

ಚಿಕಿತ್ಸೆಯ ಮಾತಿಗೆ ಕರೆದ ದಿನ ನಾವು ಇಡೀ ಮೆರವಣಿಗೆ ಹೊರಟೆವು. ಅತ್ತೆ, ಮಾವ, ನನ್ನ ಗಂಡ, ನಾನು, ಜೊತೆಗೆ ಮಾವನ ಅಣ್ಣ. ಈ ದೊಡ್ಡ ಮಾವ ಮನೆತನದ ಪರವಾಗಿ ಎಲ್ಲ ವಿಷಯಕ್ಕೂ ಅಭಿಪ್ರಾಯ ಕೊಡುವವರು. ಕೋಣೆಯಲ್ಲಿ ನಮಗೆ ಇದ್ದದ್ದೇ ಮೂರು ಕುರ್ಚಿ. ಮೇಜಿನ ಮೇಲೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಗರ್ಭಕೋಶ. ನನ್ನ ಗಂಡ ಅದನ್ನು ನೋಡಿದವರೇ ಕಿಟಕಿಯ ಕಡೆ ತಿರುಗಿ, ಹೊರಗೆ ನಿಲ್ಲಿಸಿದ್ದ ಸ್ಕೂಟರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಪರೇಷನ್ ಮಾಡುವ ಲೇಡಿ ಡಾಕ್ಟರು, ರೇಡಿಯೇಷನ್ ಕೊಡುವ ಕಿರಿ ಡಾಕ್ಟರು, ವಿಷಯ ಬಿಡಿಸಿ ಹೇಳಲೆಂದೇ ಇರುವ ಒಬ್ಬ ನರ್ಸಮ್ಮ, ಮೂವರೂ ಒಟ್ಟಿಗೆ ಕೂತಿದ್ದರು.

"ಎರಡು ದಾರಿ ಇದೆ" ಎಂದರು ಲೇಡಿ ಡಾಕ್ಟರು. "ಒಂದು ಆಪರೇಷನ್. ಗರ್ಭಕೋಶ, ಅದರ ಸುತ್ತಮುತ್ತ, ಪಕ್ಕದಲ್ಲಿ ಎಲ್ಲರಿಗೂ ಇರೋ ದುಗ್ಧರಸದ ಗಂಟುಗಳು, ಎಲ್ಲ ತೆಗೀತೀವಿ. ಇನ್ನೊಂದು ರೇಡಿಯೇಷನ್. ವಾರಗಟ್ಟಲೆ ದಿನಾ ಬರಬೇಕು, ಜೊತೆಗೆ ಔಷಧಿ, ಕೊನೇಲಿ ಒಳಗಿನಿಂದಾನೂ ಕೊಡ್ತಾರೆ. ನಿಮ್ಮ ವಿಷಯದಲ್ಲಿ ಗುಣ ಆಗೋ ಸಾಧ್ಯತೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ತೊಂದರೆಗಳು ಮಾತ್ರ ಬೇರೆ ಬೇರೆ."

"ಆಪರೇಷನ್ ಆದ್ಮೇಲೆ ರಿಪೋರ್ಟು ನೋಡಿ ಕೆಲವರಿಗೆ ರೇಡಿಯೇಷನ್ನೂ ಬೇಕಾಗುತ್ತೆ" ಎಂದು ಕಿರಿ ಡಾಕ್ಟರು ಸೇರಿಸಿದರು. "ಗಂಟು ತೆಗೆದ್ರೆ ಕೆಲವರಿಗೆ ಕಾಲು ಊದುತ್ತೆ. ಒಂದ್ಸಲ ಶುರುವಾದ್ರೆ ಪೂರ್ತಿ ಹೋಗೋದು ಕಷ್ಟ."

ಕಾಲು ಎಂದದ್ದೇ ತಡ, ಮೇಜಿನ ಕೆಳಗೆ ಟಪ್ ಎಂದು ಸದ್ದಾಯಿತು. ಅತ್ತೆ ಬ್ರೇಕು ಒತ್ತಿದ್ದರು. ಕಿರಿ ಡಾಕ್ಟರು ಬೆಚ್ಚಿ ಮೇಜಿನಡಿ ಬಗ್ಗಿ ನೋಡಿದರು.

"ನಿಮಗೆ ಯಾವುದು ಮುಖ್ಯ ಅಂತ ಗೊತ್ತಾದ್ರೆ ಯಾವ ದಾರಿ ಅಂತ ಜೊತೆಗೆ ಕೂತು ನಿರ್ಧಾರ ಮಾಡಬಹುದು" ಎಂದು ಲೇಡಿ ಡಾಕ್ಟರು ಅತ್ತೆಯನ್ನೇ ನೋಡಿದರು. "ಹೇಳಿ, ನಿಮಗೇನು ಮುಖ್ಯ?"

"ಪ್ರಾಣ ಮುಖ್ಯ" ಎಂದರು ದೊಡ್ಡ ಮಾವ.

"ಅಮ್ಮಂಗೆ ನೋವಾಗಬಾರದು" ಎಂದರು ನನ್ನ ಗಂಡ, ಸ್ಕೂಟರುಗಳಿಗೆ.

"ಅವರ ಕೆಲಸಕ್ಕೆ ತೊಂದರೆ ಆಗಬಾರದು ಮೇಡಂ, ಕೆಲಸಾನೇ ಅವರ ಜೀವ" ಎಂದೆ ನಾನು.

"ಕೇಳಿದ್ದು ಅವರನ್ನ" ಎಂದರು ನರ್ಸಮ್ಮ. ನಾವು ಬಾಯಿ ಮುಚ್ಚಿದೆವು. ಅತ್ತೆ ಮೇಜಿನಾಚೆಯ ಮೂವರನ್ನೂ ಒಂದು ಸುತ್ತು ನೋಡಿ, "ನೀವೇ ಹೇಳಿ, ನನಗೇನು ಗೊತ್ತು?" ಎಂದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮನೆಗೆ ಹೋಗಿ ಯೋಚಿಸಿ, ಆದರೆ ಬಹಳ ದಿನ ಬೇಡ ಎಂದು ಡಾಕ್ಟರು ಕಳಿಸಿದರು.

ಎಡವಟ್ಟು ಆದದ್ದು ವಾಪಸು ಬರುವಾಗ, ಕಾರಿನಲ್ಲಿ. "ಹೋಟೆಲ್‌ಗೆ ಹೋದ್ರೆ ಏನು ಬೇಕು ಅಂತ ಕೇಳ್ತಾರೆ, ಸರಿ. ಆಸ್ಪತ್ರೇಲೂ ಕೇಳೋದಾ?" ಎಂದು ದೊಡ್ಡ ಮಾವ ಹಿಂದಿನ ಸೀಟಿನಿಂದ ಗುಡುಗಿದರು. "ಅವರಿಗೆ ಗೊತ್ತಿಲ್ಲ. ಅದಕ್ಕೇ ಮೂರು ಜನ ಸೇರ್ಕೊಂಡು ನಮ್ಮನ್ನ ಕೇಳ್ತಿದಾರೆ."

ನಗಬೇಡಿ, ನಾವೆಲ್ಲ ಹೂಂಗುಟ್ಟಿದೆವು. "ಹೌದು ಭಾವ" ಎಂದು ಅತ್ತೆಯೂ ಸೇರಿಕೊಂಡರು. "ನಾನು ಯಾವತ್ತಾದ್ರೂ ಕಲಿಯೋರನ್ನ, ಅಮ್ಮಾ, ಈ ಗೋಡೆಗೆ ಗುದ್ದೋಣ್ವಾ ಆ ಕಂಬಕ್ಕೆ ಗುದ್ದೋಣ್ವಾ ಅಂತ ಕೇಳಿದೀನಾ?" ಮಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ, ಕಾರು ಓಡಿಸುತ್ತಿದ್ದ ಮಗನಿಗೆ, "ಕನ್ನಡಿ ನೋಡೋ!" ಎಂದು ಕಿರುಚಿದ್ದರಿಂದ ಮಾವನ ಮಾತು ಅಲ್ಲೇ ಉಳಿಯಿತು.

ಸರಿ, ಗೊತ್ತಿರುವ ಡಾಕ್ಟರನ್ನು ಹುಡುಕಬೇಕಾಯಿತು. ದೊಡ್ಡ ಮಾವನ ಲೆಕ್ಕದಲ್ಲಿ ಬೈಯುವ ಡಾಕ್ಟರೇ ಒಳ್ಳೆಯ ಡಾಕ್ಟರು. ಊರಿನ ಇನ್ನೊಂದು ತುದಿಯಲ್ಲಿ ಅಂಥವರೊಬ್ಬರಿದ್ದರು, ಇದೇ ಕಾಯಿಲೆಗಳನ್ನು ನೋಡಿ ನೋಡಿ ತಲೆ ನೆರೆಸಿಕೊಂಡವರು. ಅವರ ಸಮಯ ಸಿಗುವುದಕ್ಕೇ ಅದೆಷ್ಟೋ ದಿನ ಹಿಡಿಯಿತು. ಕಾಯುತ್ತಾ ಇರುವಾಗ ಅತ್ತೆ ಪಾಠಕ್ಕೆ ಹೋಗುತ್ತಲೇ ಇದ್ದರು. ಹೊರಡುವಾಗ, ರಕ್ತ ಕಂಡರೆ ಬದಲಿಸಲೆಂದು, ಚೀಲದಲ್ಲಿ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಒಳಗಿರುವುದು ಬೆಳೆಯುತ್ತಿದೆಯೇನೋ ಎಂದು ದಿನ ಎಣಿಸುತ್ತಿದ್ದೆ.

ಕೊನೆಗೆ ಆ ಹಿರಿ ಡಾಕ್ಟರ ಮುಂದೆ ನಿಂತೆವು. ಕುರ್ಚಿ ಎಳೆದ ಸದ್ದಿಗೆ ಬೈದರು. ಸ್ಕ್ಯಾನು ತಲೆಕೆಳಗಾಗಿ ಕೊಟ್ಟೆವೆಂದು ಬೈದರು. ಇಷ್ಟು ಜನ ಯಾಕೆ, ಇದೇನು ಹೆಣ್ಣು ನೋಡುವ ಶಾಸ್ತ್ರವೇ ಎಂದು ಬೈದರು. ದೊಡ್ಡ ಮಾವ ಹಿಗ್ಗಿ ಹೀರೇಕಾಯಿಯಾದರು. ನೋಡಿದಿರಾ, ನಾನು ಹೇಳಲಿಲ್ಲವೇ ಎಂಬಂತೆ ನಮ್ಮ ಕಡೆ ಹುಬ್ಬು ಹಾರಿಸಿದರು. ಡಾಕ್ಟರು ಎಲ್ಲವನ್ನೂ ಮೊದಲಿನಿಂದ ಓದಿದರು. ಅತ್ತೆಯನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು. ಕೈ ತೊಳೆದು ಬಂದು ಕೂತು, "ಅವರು ಸರಿಯಾಗೇ ಹೇಳಿದಾರೆ. ಎರಡರಲ್ಲಿ ಯಾವುದಾದ್ರೂ ಆಗುತ್ತೆ. ನಿಮಗೆ ಯಾವುದು ಬೇಕು?" ಎಂದರು.

ದೊಡ್ಡ ಮಾವ ಗೋಡೆಗೆ ಒರಗಿದರು.

"ನೀವೂ ಕೇಳ್ತೀರಾ ಡಾಕ್ಟ್ರೇ?" ಅತ್ತೆಯ ದನಿ ಅಳುವಂತಿತ್ತು.

"ಕೇಳದೆ? ಹೊಟ್ಟೆ ನನ್ನದಾ?" ಡಾಕ್ಟರು ಮೇಜು ಗುದ್ದಿದರು. "ಇಷ್ಟು ದಿನ ಸುಮ್ನೆ ಕಳ್ಕೊಂಡ್ರಲ್ಲ! ಅದು ಸಣ್ಣದಿದೆ ಅಂತ ತಾನೇ ಎರಡು ದಾರಿ ಇರೋದು. ಇನ್ನೂ ನಾಲ್ಕು ಜನ ಡಾಕ್ಟ್ರ ಮನೆ ಸುತ್ತಾಕಿ, ದೊಡ್ಡದಾಗಲಿ, ಆಗ ಯಾರೂ ಕೇಳಲ್ಲ. ಇರೋದೇ ಒಂದು ದಾರಿ, ಮಲ್ಕೊಳ್ಳಿ ಅಂತೀವಿ. ಕೇಳ್ತಿದಾರೆ ಅಂದ್ರೆ ಪುಣ್ಯ ಮಾಡಿದೀರ. ಏಳಿ, ಆ ಡಾಕ್ಟ್ರ ಹತ್ರಾನೇ ಹೋಗಿ."

ಆ ದಿನ ಕಾರಿನಲ್ಲಿ ಯಾರೂ ಗುಡುಗಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಚರ್ಚೆ ಮತ್ತೆ ಹೊತ್ತಿಕೊಂಡಿತು. "ಕಿತ್ತು ಬಿಸಾಕಿದ್ರೆ ನೆಮ್ಮದಿ" ಎಂದು ದೊಡ್ಡ ಮಾವ ಆಪರೇಷನ್ ಪಕ್ಷ. "ಕತ್ತರಿ ಬೇಡ" ಎಂದು ನನ್ನ ಗಂಡ ರೇಡಿಯೇಷನ್ ಪಕ್ಷ. ನಾನೂ ರೇಡಿಯೇಷನ್ನೇ. ಕಾಲು ಊದಿದರೆ ಕ್ಲಚ್ಚು ಒತ್ತುವುದು ಹೇಗೆ? ಗಾಡಿ ಇಲ್ಲದೆ ಅತ್ತೆ ಬದುಕುವುದು ಹೇಗೆ? ಸುಳ್ಳೇಕೆ ಹೇಳಲಿ, ದಿನವಿಡೀ ಅತ್ತೆ ಮನೆಯಲ್ಲೇ ಕೂತರೆ ನಾನು ಬದುಕುವುದು ಹೇಗೆ ಎಂಬುದೂ ಅದರಲ್ಲಿತ್ತು. ಅತ್ತೆ ನಮ್ಮ ಯಾರ ಮಾತಿಗೂ ಎದುರು ಹೇಳದೆ ಎದ್ದು ಹೋಗಿ ಮಲಗಿದರು. ಒಲೆಯ ಉರಿ ಹೆಚ್ಚಾಗಿದ್ದರೂ ಯಾರೂ ನನ್ನನ್ನು ಗದರಲಿಲ್ಲ, ನನಗೆ ನಿಜವಾಗಿ ಭಯವಾಯಿತು.

ಮತ್ತೆ ಲೇಡಿ ಡಾಕ್ಟರ ಕೋಣೆ. ಈ ಸಲ ನರ್ಸಮ್ಮ ಬಾಗಿಲಲ್ಲೇ ಕೈ ಅಡ್ಡ ಇಟ್ಟು, "ಅವರ ಜೊತೆ ಇಬ್ಬರು ಸಾಕು. ಯಾರು ಬೇಕು ಅಂತ ಅವರೇ ಹೇಳಲಿ" ಎಂದರು. ಅತ್ತೆ ಮಾವನ ಕಡೆ ಬೆರಳು ತೋರಿಸಿದರು. ಆಮೇಲೆ ನನ್ನ ಕಡೆ. ಗಂಡು ಮಗನನ್ನು ಬಿಟ್ಟು ನನ್ನನ್ನು ಕರೆದರಲ್ಲ ಎಂದು ನಾನು ಎದೆಯುಬ್ಬಿಸಿಕೊಂಡು ಒಳಗೆ ಹೋದೆ.

ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದರು. ಮೂತ್ರದ ತೊಂದರೆ, ಹೊಟ್ಟೆಯ ತೊಂದರೆ, ಕಾಲು, ಸುಸ್ತು. ಅತ್ತೆ ತಲೆಯಾಡಿಸುತ್ತಾ ಹೋದರು, ಏನನ್ನೂ ಕೇಳಲಿಲ್ಲ. ಆಗ ನರ್ಸಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ, "ಗಂಡ ಹೆಂಡತಿ ಜೊತೆಯಾಗಿರೋ ವಿಷಯ... ಅದರ ಬಗ್ಗೆ ಏನಾದ್ರೂ ಕೇಳೋದಿದ್ಯಾ ಅಮ್ಮ?" ಎಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಯ್ಯೋ ಸಿಸ್ಟರ್, ಅವರಿಗೆ ವಯಸ್ಸಾಯ್ತು, ಅದೆಲ್ಲ ಈಗೇನೂ ಇಲ್ಲ" ಎಂದುಬಿಟ್ಟೆ.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಿನಗ್ಯಾರೇ ಹೇಳಿದ್ದು?"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾವನ ಕಿವಿಗಳು ಕೆಂಪಗಾಗಿದ್ದವು. ಅವರು ಫ್ಯಾನು ನೋಡುತ್ತಿದ್ದರು, ನಾನು ಪ್ಲಾಸ್ಟಿಕ್ ಗರ್ಭಕೋಶ ನೋಡುತ್ತಿದ್ದೆ. ಲೇಡಿ ಡಾಕ್ಟರು ಒಬ್ಬರೇ, ದಿನಾ ಕೇಳುವ ಮಾತೆಂಬಂತೆ ಆರಾಮವಾಗಿದ್ದರು.

"ನಾನು ಅದನ್ನೇ ಕೇಳಬೇಕು ಅಂತಿದ್ದೆ" ಎಂದರು ಅತ್ತೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು. "ಮೊದಲನೇ ದಿನಾನೇ ಕೇಳ್ತಿದ್ದೆ. ಮಗ ಇದ್ದ, ಭಾವ ಇದ್ರು. ಯಾವ ಬಾಯಲ್ಲಿ ಕೇಳಲಿ?"

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಆಪರೇಷನ್‌ನಲ್ಲಿ ಒಳದಾರಿ ಸ್ವಲ್ಪ ಗಿಡ್ಡವಾಗುತ್ತದೆ, ಗಾಯ ಮಾಯುವ ತನಕ ತಡೆದಿರಬೇಕು. ರೇಡಿಯೇಷನ್‌ನಲ್ಲಿ ಅದು ಒಣಗಿ ಬಿಗಿಯಾಗುವುದು ಹೆಚ್ಚು. ಅದಕ್ಕೂ ಉಪಾಯಗಳಿವೆ, ಹೇಳಿಕೊಡುತ್ತೇವೆ. ಆದರೆ ಎರಡನ್ನೂ ಎದುರುಬದುರು ಇಟ್ಟರೆ, ಈ ವಿಷಯದಲ್ಲಿ ಸಾಮಾನ್ಯವಾಗಿ ಆಪರೇಷನ್ ವಾಸಿ.

"ಹಾಗಾದ್ರೆ ಆಪರೇಷನ್" ಎಂದರು ಅತ್ತೆ.

"ಕಾಲಿನ ವಿಷಯ ಮರೀಬೇಡಿ. ನಿಮ್ಮ ಕೆಲಸ ಪೂರ್ತಿ ಕಾಲಲ್ಲೇ" ಎಂದು ಡಾಕ್ಟರು ಎಚ್ಚರಿಸಿದರು. "ಊದಲೇಬೇಕು ಅಂತಿಲ್ಲ, ಆದ್ರೆ ಊದಬಹುದು."

"ಊದಿದ್ರೆ ಊದಲಿ."

ಆಗ ಮಾವ ಬಾಯಿ ಬಿಟ್ಟರು. "ಬೇಡ ಕಣೇ" ಎಂದರು. "ನಿನಗೆ ಗಾಡಿ ಅಂದ್ರೆ ಎಷ್ಟು ಅಂತ ನನಗೆ ಗೊತ್ತಿಲ್ವಾ? ನನಗೋಸ್ಕರ ಕಾಲು ಕಳ್ಕೋಬೇಡ. ನನಗೇನು, ನೀನು ಪಕ್ಕದಲ್ಲಿದ್ರೆ ಸಾಕು."

ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಕರಗುತ್ತಾರೆ, ಅಳುತ್ತಾರೆ ಎಂದುಕೊಂಡೆ.

"ನಿಮಗೋಸ್ಕರ ಅಂತ ಯಾರ್ರೀ ಹೇಳಿದ್ದು?" ಎಂದು ಅತ್ತೆ ರೇಗಿದರು. "ನನಗೇನು ಮುಖ್ಯ ಅಂತ ತಾನೇ ಇವರು ಕೇಳ್ತಿರೋದು? ನನಗೆ ಬೇಕು. ನನಗೋಸ್ಕರ ಹೇಳ್ತಿದೀನಿ."

ನರ್ಸಮ್ಮ ಕಣ್ಣು ಒರೆಸಿಕೊಂಡು ನಕ್ಕರು. ಲೇಡಿ ಡಾಕ್ಟರು ಆಪರೇಷನ್‌ಗೆ ದಿನ ಗೊತ್ತುಮಾಡಲು ಫೋನು ಎತ್ತಿಕೊಂಡರು. ಹೊರಗೆ ಬಂದಾಗ ದೊಡ್ಡ ಮಾವ, "ಏನಾಯ್ತು? ನಾನು ಹೇಳಿದ್ದೇ ಆಯ್ತಲ್ಲ? ಕಿತ್ತು ಬಿಸಾಕೋದು!" ಎಂದು ಬೀಗಿದರು. ಅತ್ತೆ, "ಹೌದು ಭಾವ, ನೀವು ಹೇಳಿದ ಹಾಗೇ" ಎಂದರು. ನಾನು ನಗು ತಡೆಯಲಾರದೆ ಕುಡಿಯುವ ನೀರಿನ ನಲ್ಲಿಯ ಕಡೆ ಓಡಿದೆ.

ಆಪರೇಷನ್ ಆಯಿತು. ರಿಪೋರ್ಟು ಒಳ್ಳೆಯದು ಬಂತು, ರೇಡಿಯೇಷನ್ ಬೇಕಾಗಲಿಲ್ಲ. ಕಾಲು ಊದಿತು, ಎಡಗಾಲು. ಅತ್ತೆ ಬಿಗಿ ಕಾಲುಚೀಲ ಹಾಕಿಕೊಂಡು ಬೆಳಿಗ್ಗೆ ಹೊತ್ತು ಮಾತ್ರ ಪಾಠಕ್ಕೆ ಹೋಗುತ್ತಾರೆ. ಮಧ್ಯಾಹ್ನದಿಂದ ನನ್ನ ಬೆನ್ನ ಹಿಂದೆಯೇ ಇರುತ್ತಾರೆ, ನಾನು ಭಯಪಟ್ಟಿದ್ದು ಸುಳ್ಳಾಗಲಿಲ್ಲ. ಊದಿದ ಕಾಲನ್ನು ಕೆಳಗಿನಿಂದ ಮೇಲಕ್ಕೆ ಹಗುರವಾಗಿ ನೀವುವುದನ್ನು ನರ್ಸಮ್ಮ ಮಾವನಿಗೆ ಕಲಿಸಿಕೊಟ್ಟಿದ್ದಾರೆ. ಸಂಜೆಯಾದರೆ ಇಬ್ಬರೂ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗಿನಿಂದ, "ನಿಧಾನ ರೀ, ನಿಧಾನ" ಎಂದು ಗದರುವುದು ಕೇಳುತ್ತದೆ. ಆಮೇಲೆ ಇಬ್ಬರೂ ಯಾವುದಕ್ಕೋ ನಗುವುದು.

ಮೊನ್ನೆ ಅಂಥದೇ ಹೊತ್ತಿನಲ್ಲಿ ನನ್ನ ಗಂಡ ಏನನ್ನೋ ಹುಡುಕುತ್ತಾ ನೇರವಾಗಿ ಆ ಕೋಣೆಗೆ ನುಗ್ಗಲು ಹೊರಟರು. ನಾನು ಅಂಗಿಯ ತೋಳು ಹಿಡಿದು ಎಳೆದೆ.

"ಬಾಗಿಲು ತಟ್ಟಿ ಹೋಗಿ."

"ನಮ್ಮ ಅಪ್ಪ ಅಮ್ಮನ ಕೋಣೆಗೆ ನಾನ್ಯಾಕೆ ತಟ್ಟಬೇಕು?" ಎಂದು ಅವರು ಕಣ್ಣು ಬಿಟ್ಟರು.

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ತೋಳು ಮಾತ್ರ ಬಿಡಲಿಲ್ಲ.