ಬಸ್ ಸ್ಟಾಪಿನ ಹಿಂದಿ

ಅಮೆರಿಕದ ಆಲ್ಡಿಯಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆಯ ಮುಂದಿನ ತಿರುವಿನಲ್ಲೇ ಸ್ಕೂಲ್ ಬಸ್ಸು ನಿಲ್ಲುತ್ತಿತ್ತು. ಈಗ ಬೇರೆ ಮನೆ. ಮಗಳು ಮಿಡಲ್ ಸ್ಕೂಲಿಗೆ ಬಂದಿದ್ದಾಳೆ, ಬಸ್ಸಿನವರೆಗೆ ನಾನು ಹೋದರೆ ಅವಳಿಗೆ ಅವಮಾನವಂತೆ. ಆದರೂ ಅಕ್ಟೋಬರಿನ ಚಳಿ ಶುರುವಾಯಿತೆಂದರೆ ನನಗೆ ಆ ತಿರುವೂ ಅಲ್ಲಿ ನಿಲ್ಲುತ್ತಿದ್ದ ಆಂಟಿಯೂ ನೆನಪಾಗುತ್ತಾರೆ.

ಕೋವಿಡ್ಡಿನ ಆನ್‌ಲೈನ್ ಪಾಠ ಮುಗಿದು ಶಾಲೆ ತೆರೆದ ವರ್ಷ ಅದು. ಆಂಟಿ ನಾಲ್ಕು ಮನೆ ಆಚೆಯವರು, ಮಗನ ಮನೆಗೆ ಆರು ತಿಂಗಳಿಗೆಂದು ಇಂಡಿಯಾದಿಂದ ಬಂದವರು. ಮೊಮ್ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ಮೊದಲ ದಿನ ಅವರ ತಲೆಯ ಮೇಲಿನ ದುಪಟ್ಟಾ ಕಂಡದ್ದೇ ತಡ, ನನ್ನ ಬಾಯಿಂದ ಹಿಂದಿ ಹೊರಟಿತು.

"ಆಂಟಿ, ನಾಷ್ಟಾ ಹೋ ಗಯಾ?"

ಅವರು ಒಂದು ಕ್ಷಣ ನನ್ನನ್ನು ನೋಡಿ, "ಹೋ ಗಯಾ ಬೇಟಾ" ಎಂದರು. ಅಲ್ಲಿಂದ ಶುರುವಾದ ನನ್ನ ಹಿಂದಿ ಎರಡು ತಿಂಗಳು ಕುಂಟುತ್ತಾ ನಡೆಯಿತು. ಮುಸ್ಲಿಮರನ್ನು ಕಂಡರೆ ಹಿಂದಿಯಲ್ಲಿ ಮಾತಾಡಿಸುವುದು ಮೈಸೂರಿನ ನಮ್ಮ ಕೇರಿಯಲ್ಲಿ ಎಷ್ಟು ರೂಢಿಯೆಂದರೆ, ಅದು ರೂಢಿ ಎಂದೂ ನನಗೆ ತೋಚಿರಲಿಲ್ಲ. ಬದಲಿಗೆ ಹೆಮ್ಮೆಯಿತ್ತು. ಅವರ ಭಾಷೆಯಲ್ಲೇ ಮಾತಾಡಿಸುವಷ್ಟು ಒಳ್ಳೆಯವಳು ನಾನು! ಅದೇ ತಿಂಗಳು ಆಫೀಸಿನಲ್ಲಿ ಪೂರ್ವಗ್ರಹಗಳ ಬಗ್ಗೆ ಟ್ರೈನಿಂಗ್ ಕೊಟ್ಟಿದ್ದರು, ಅದರಲ್ಲೂ ನೂರಕ್ಕೆ ನೂರು ತೆಗೆದುಕೊಂಡಿದ್ದೆ.

ಬೆಳಗ್ಗೆ ಬಸ್ಸಿಗೆ ಕಾಯುವ ಹೊತ್ತಿಗೆ ಮೈಸೂರಿನಲ್ಲಿ ಸಂಜೆ. ಕಾಫಿ ಕುಡಿದು ಅಮ್ಮ ಫೋನ್ ಮಾಡುತ್ತಿದ್ದಳು. ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ನನ್ನ ಕೆಟ್ಟ ಚಾಳಿ. ಎರಡನೆಯ ದಿನವೋ ಮೂರನೆಯ ದಿನವೋ, ಆಂಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಅಮ್ಮನಿಗೆ ಕನ್ನಡದಲ್ಲಿ ವರದಿ ಒಪ್ಪಿಸಿದ್ದೆ.

"ಇಲ್ಲೊಬ್ರು ಸಾಬ್ರ ಆಂಟಿ ಬರ್ತಾರಮ್ಮ. ಪಾಪ, ಒಳ್ಳೆಯವ್ರು."

"ಮಾತಾಡ್ಸು, ಬೇಡ ಅನ್ನಲ್ಲ. ಮಗೂನ ಮಾತ್ರ ಅವರ ಮನೆಗೆ ಕಳಿಸ್ಬೇಡ."

"ಅಯ್ಯೋ, ಕಳ್ಸಲ್ಲ ಬಿಡು. ಅಷ್ಟೂ ಗೊತ್ತಾಗಲ್ವಾ ನನಗೆ?"

ಮಗಳು ಮಾತ್ರ ಆ ಮನೆಗೆ ಹೋಗಬೇಕೆಂದು ದಿನವೂ ಗೋಗರೆಯುತ್ತಿದ್ದಳು. ಆ ಮನೆಯಿಂದ ಯಾರೂ ಕರೆಯಲಿಲ್ಲ. ಮೊಮ್ಮಗಳ ಹುಟ್ಟುಹಬ್ಬಕ್ಕೂ ಕರೆ ಬರಲಿಲ್ಲ. ಅವತ್ತು ಮಗಳು ಊಟ ಬಿಟ್ಟು ಅತ್ತಳು. "ನೋಡಿದ್ಯಾ, ಅವರೇ ನಮ್ಮನ್ನ ಸೇರಿಸಲ್ಲ" ಎಂದು ಗಂಡನ ಮುಂದೆ ಮೂಗು ಮುರಿದೆ. ನನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಅವರ ತಟ್ಟೆಯ ನೊಣ ತೋರಿಸುತ್ತಿದ್ದೆ.

ಒಂದು ದಿನ ಒದ್ದೆ ಎಲೆಗಳ ಮೇಲೆ ಓಡಲು ಹೋಗಿ ಮಗಳು ಜಾರಿ ಬಿದ್ದಳು. ನಾನು ಫೋನಿನಿಂದ ತಲೆಯೆತ್ತುವುದರೊಳಗೆ ಆಂಟಿ ಅವಳನ್ನು ಎತ್ತಿ ನಿಲ್ಲಿಸಿ ಮಂಡಿ ಒರೆಸುತ್ತಿದ್ದರು.

"ಏನೂ ಆಗಿಲ್ಲ ಕಂದ, ಬರೀ ತರಚಿದೆ. ಎಲ್ಲಿ, ಒಂದ್ಸಲ ನಗು ನೋಡೋಣ."

ನಾನು ಅವರ ಬಾಯನ್ನೇ ನೋಡಿದೆ. "ಅಮ್ಮಾ, ಅಜ್ಜಿ ಕನ್ನಡ ಮಾತಾಡ್ತಾರೆ. ಯೂ ಡಿಡಿಂಟ್ ನೋ?" ಎಂದು ನನ್ನ ಮಗಳೇ ಆಶ್ಚರ್ಯಪಟ್ಟಳು. ಮೊಮ್ಮಗಳು ಅವಳಿಗೆ ಎಂದೋ ಹೇಳಿದ್ದಳಂತೆ.

ಬಸ್ಸು ಹೋದ ಮೇಲೆ ಆಂಟಿಯೇ ಮಾತು ತೆಗೆದರು. "ನಾನೂ ಮೈಸೂರಿನವಳೇ ಕಣಮ್ಮ. ಮೊದಲನೇ ದಿನಾನೇ ಹೇಳ್ಬೇಕಾಗಿತ್ತು. ಅಷ್ಟು ಕಷ್ಟಪಟ್ಟು ಹಿಂದಿ ಮಾತಾಡ್ತಿದ್ರಿ, ನಾಳೆ ಹೇಳೋಣ ಅಂತ ಸುಮ್ನಾದೆ. ಅಷ್ಟರಲ್ಲಿ ನಿಮ್ಮ ಫೋನು ಕಿವಿಗೆ ಬಿತ್ತು. ಆಮೇಲೆ ಹೇಳಿದ್ರೆ ನಿಮಗೆ ಮುಜುಗರ ಅಲ್ವಾ?"

ನಾನು ಕೈಯಲ್ಲಿದ್ದ ಫೋನನ್ನು ಜೇಬಿಗೆ ತುರುಕಿಕೊಂಡೆ.

"ಬರ್ತ್‌ಡೇಗೆ ಮಗೂನ ಕರೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಕರೆದಿದ್ರೆ ನೀವು ಏನಾದ್ರೂ ನೆಪ ಹುಡುಕ್ಬೇಕಾಗಿತ್ತು. ನಮ್ಮ ಮಗು ದಿನವಿಡೀ ಬಾಗಿಲು ನೋಡ್ತಿತ್ತು, ಪಾಪ."

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತೆ, ಒಂದು ಕೆಲಸವೂ ಆಗಲಿಲ್ಲ. ಇಷ್ಟು ಕಾಲ ನನ್ನನ್ನು ನಾನು ಒಳ್ಳೆಯವಳೆಂದುಕೊಂಡಿದ್ದಕ್ಕೆ ನಾಚಿಕೆಯಾಗಿತ್ತು. ಸಂಜೆ ಮಗಳ ಕೈ ಹಿಡಿದು, ಯಾರೂ ಕರೆಯದೆಯೇ ಆ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ಆಂಟಿ ನಗದೆ, ಥೇಟ್ ನನ್ನ ಧಾಟಿಯಲ್ಲೇ ಕೇಳಿದರು: "ನಾಷ್ಟಾ ಹೋ ಗಯಾ?" ನಕ್ಕೆ. ನಗುತ್ತಲೇ ಅತ್ತುಬಿಟ್ಟೆ. ಮಕ್ಕಳಿಬ್ಬರೂ ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಮೇಲೆ ಓಡಿಹೋಗಿದ್ದರು.

ಮಾರನೆಯ ವಾರ ಬಸ್ ಸ್ಟಾಪಿನಲ್ಲಿ ಅಮ್ಮನ ಫೋನು ಬಂತು. ಸ್ಪೀಕರ್ ಆಫ್ ಮಾಡಿ, "ಇಲ್ಲಿ ಮೈಸೂರಿನವರೊಬ್ರು ಸಿಕ್ಕಿದಾರೆ, ಮಾತಾಡು" ಎಂದು ಆಂಟಿಯ ಕೈಗೆ ಕೊಟ್ಟೆ. ದೇವರಾಜ ಮಾರ್ಕೆಟ್ಟಿನ ವೀಳ್ಯದೆಲೆಯಿಂದ ಮಂಡಿನೋವಿನವರೆಗೆ ಇಬ್ಬರೂ ಮಾತಾಡಿದರು. ಬಸ್ಸು ಬಂದು ಹೋದರೂ ಮುಗಿಯಲಿಲ್ಲ.

ಮನೆಗೆ ನಡೆಯುತ್ತಾ ಫೋನ್ ಕಿವಿಗಿಟ್ಟುಕೊಂಡೆ. "ಎಷ್ಟು ಚೆನ್ನಾಗಿ ಮಾತಾಡ್ತಾರೇ! ಯಾರ ಪೈಕಿ?" ಎಂದಳು ಅಮ್ಮ.

"ನಾನು ಹೇಳ್ತಿದ್ದೆನಲ್ಲ, ಸಾಬ್ರ ಆಂಟಿ. ಅವ್ರೇ."

ಅಮ್ಮ ದನಿ ತಗ್ಗಿಸಿದಳು.

"ನಾವು ಮಾತಾಡೋವಾಗ ಅವ್ರು ಪಕ್ಕದಲ್ಲೇ ಇರ್ತಿದ್ರೇನೇ?"

"ಹೂಂ ಅಮ್ಮ. ದಿನಾ."